ಸಿನಿಮಾದ ಫಾರಮಿರ್ ಮತ್ತು ಓದುಗರ ಕೋಪ

ಪ್ರಶ್ನೆ: ನಾನು ಮೈಸೂರಿನಲ್ಲಿ ಅಧ್ಯಾಪಕಿ. ಪಿಯುಸಿ ಓದುತ್ತಿದ್ದಾಗ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿದ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅಂದಿನಿಂದ ಇಂದಿನವರೆಗೂ ನನಗೆ ಅತಿ ಪ್ರಿಯವಾದ ಪುಸ್ತಕ. ಪೀಟರ್ ಜ್ಯಾಕ್ಸನ್ ಅವರ ಚಿತ್ರಗಳು ಬಂದಾಗ ಮೊದಲನೆಯದನ್ನು ಬಹಳ ಸಂತೋಷದಿಂದ ನೋಡಿದೆ. ಎರಡನೆಯದರಲ್ಲಿ ಗೊಂಡೋರ್ ರಾಜ್ಯದ ದಳಪತಿ ಫಾರಮಿರ್‌ನನ್ನು ಕಂಡು ಮನಸ್ಸು ಕೆಟ್ಟು ಹೊರಗೆ ಬಂದೆ. ಮೂರನೆಯದರಲ್ಲಿ ಉಂಗುರ ಹೊತ್ತ ಕಥಾನಾಯಕ ಫ್ರೋಡೋ ತನ್ನ ನಿಷ್ಠಾವಂತ ಸೇವಕ ಸ್ಯಾಮ್‌ನನ್ನು ಮನೆಗೆ ಹೋಗೆಂದು ಕಳುಹಿಸಿದಾಗ ಕಣ್ಣು ಮುಚ್ಚಿಕೊಂಡಿದ್ದೆ. 'ಅಕ್ಕಾ, ಸಿನಿಮಾ ಬೇರೆ, ಪುಸ್ತಕ ಬೇರೆ, ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲವೇ' ಎಂದು ತಮ್ಮ ಈಗಲೂ ಕೇಳುತ್ತಾನೆ. ಈಗ 11 ವರ್ಷದ ಮಗ ಗೆಳೆಯನ ಮನೆಯಲ್ಲಿ ಒಂದೆರಡು ದೃಶ್ಯ ನೋಡಿ ಬಂದು, ಇಡೀ ಸಿನಿಮಾ ತೋರಿಸು ಎಂದು ಹಟ ಹಿಡಿದಿದ್ದಾನೆ. ಮೊದಲು ಪುಸ್ತಕ ಓದು ಎಂದರೆ ಅದರ ಗಾತ್ರ ನೋಡಿಯೇ ಹಿಂಜರಿಯುತ್ತಾನೆ. ನನ್ನ ಕೋಪ ಬಾಲಿಶವೇ? ಸಿನಿಮಾ ಮೊದಲು ನೋಡಿದರೆ ಅವನ ಪಾಲಿಗೆ ಪುಸ್ತಕ ಕೆಟ್ಟುಹೋಗುತ್ತದೆಯೇ? ನಮ್ಮಂಥ ಓದುಗರ ಆಕ್ಷೇಪದಿಂದ ಚಿತ್ರ ಮಾಡುವವರು ಏನನ್ನಾದರೂ ತಿದ್ದಿಕೊಂಡದ್ದುಂಟೇ?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳ ತಳದಲ್ಲಿ ಒಂದೇ ಆತಂಕವಿದೆ ಎಂದು ನನಗೆ ತೋರುತ್ತದೆ. ಹದಿಹರೆಯದಲ್ಲಿ ನೀವಾಗಿಯೇ ಮನಸ್ಸಿನಲ್ಲಿ ಕಟ್ಟಿಕೊಂಡ ಲೋಕವೊಂದು ಮಗನ ಕೈಗೆ ಸೇರುವ ಹೊತ್ತಿಗೆ ಬೇರೆ ಯಾರೋ ಕಟ್ಟಿದ ಲೋಕವಾಗಿಬಿಟ್ಟಿರುತ್ತದೆಯೇ ಎಂಬುದೇ ಆ ಆತಂಕ. ಕಾದಂಬರಿಗಳನ್ನು ಚಿತ್ರಕಥೆಗೆ ಒಗ್ಗಿಸುವ ಕೆಲಸವನ್ನು ಮಾಡುತ್ತಲೂ ಕಲಿಸುತ್ತಲೂ ಬಂದಿರುವ ನಾನು ಸಾಮಾನ್ಯವಾಗಿ ಇಂಥ ಆಕ್ಷೇಪಗಳನ್ನು ಎದುರಿಸುವ ಕಡೆಯಲ್ಲಿ ಕುಳಿತಿರುತ್ತೇನೆ. ಹಾಗಿದ್ದೂ ನಿಮ್ಮ ಕೋಪ ಬಾಲಿಶವೆಂದು ನಾನು ಹೇಳಲಾರೆ. ಆದರೆ ಓದುಗರ ಕೋಪದಲ್ಲಿ ಎರಡು ಬಗೆಗಳಿವೆ. ಪುಸ್ತಕದಲ್ಲಿದ್ದದ್ದು ತೆರೆಯ ಮೇಲೆ ಇಲ್ಲ ಎಂಬುದು ಒಂದು. ಪಾತ್ರವೊಂದು ತಾನು ಮಾಡುವುದನ್ನು ಯಾವ ಕಾರಣಕ್ಕಾಗಿ ಮಾಡುತ್ತದೆಯೋ ಆ ಕಾರಣವೇ ಬದಲಾಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಹುಪಾಲು ಸಮಾಧಾನ ಹೇಳಬಹುದು. ಎರಡನೆಯದಕ್ಕೆ ಚಿತ್ರ ಮಾಡಿದವರು ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಪತ್ರದಲ್ಲಿರುವ ಎರಡೂ ಉದಾಹರಣೆಗಳು ಎರಡನೆಯ ಬಗೆಗೆ ಸೇರಿದವು.

ಓದುಗ ಅಭಿಮಾನಿಗಳಿಗೆ ಪುಸ್ತಕದ ಪ್ರತಿ ಸಾಲೂ ತೆರೆಯ ಮೇಲೆ ಬರಬೇಕು, ಸ್ವಲ್ಪ ಬದಲಾದರೂ ಸಹಿಸುವುದಿಲ್ಲ ಎಂಬ ಮಾತು ಚಿತ್ರರಂಗದಲ್ಲಿ ಬಹಳ ಓಡಾಡುತ್ತದೆ. ಈ ಕೃತಿಯ ಇತಿಹಾಸವೇ ಅದನ್ನು ಸುಳ್ಳು ಮಾಡುತ್ತದೆ. ಟಾಮ್ ಬೊಂಬಾಡಿಲ್ ಎಂಬ ವಿಚಿತ್ರ, ಹಾಡುಗಾರ ಪಾತ್ರ ಪುಸ್ತಕದ ಮೊದಲ ಭಾಗದಲ್ಲಿ ಗಣನೀಯ ಸ್ಥಳವನ್ನು ಪಡೆದಿದೆ. 1978ರಲ್ಲಿ ರಾಲ್ಫ್ ಬಾಕ್ಷಿ ಮಾಡಿದ ಅನಿಮೇಷನ್ ಚಿತ್ರದಲ್ಲಿ ಅವನಿರಲಿಲ್ಲ. 1981ರಲ್ಲಿ ಬಿಬಿಸಿ ರೇಡಿಯೋ 26 ಕಂತುಗಳಲ್ಲಿ ಪ್ರಸಾರ ಮಾಡಿದ, ಓದುಗರು ಇಂದಿಗೂ ಪ್ರೀತಿಯಿಂದ ನೆನೆಯುವ ನಾಟಕರೂಪದಲ್ಲಿಯೂ ಅವನಿಗೆ ಜಾಗ ಸಿಗಲಿಲ್ಲ. 2001ರ ಚಿತ್ರವೂ ಅವನನ್ನು ಬಿಟ್ಟಿತು. ಓದುಗರು ಗೊಣಗಿದರು, ಆದರೆ ಚಿತ್ರವನ್ನು ತಿರಸ್ಕರಿಸಲಿಲ್ಲ. ದುಷ್ಟ ಸೌರಾನ್ ಮಾಡಿದ, ಹೊತ್ತವರ ಮನಸ್ಸನ್ನು ಕೆಡಿಸುವ ಉಂಗುರವನ್ನು ನಾಶಮಾಡುವ ಕಥೆ ಅವನಿಲ್ಲದೆಯೂ ಮುಂದೆ ಸಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. 2000ದ ಏಪ್ರಿಲ್‌ನಲ್ಲಿ ಚಿತ್ರದ ಮೊದಲ ಸಣ್ಣ ತುಣುಕು ಅಂತರ್ಜಾಲದಲ್ಲಿ ಬಂದಾಗ ಒಂದೇ ದಿನದಲ್ಲಿ 17 ಲಕ್ಷ ಬಾರಿ ಅದನ್ನು ಇಳಿಸಿಕೊಳ್ಳಲಾಗಿತ್ತು. ಅಂದಿನ ನಿಧಾನಗತಿಯ ಸಂಪರ್ಕದಲ್ಲಿ ಅಷ್ಟು ಜನ ತಾಳ್ಮೆಯಿಂದ ಕಾದರೆಂದರೆ, ಅವರು ತಪ್ಪು ಹುಡುಕುವುದಕ್ಕೆಂದೇ ಕುಳಿತವರಾಗಿರಲಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಲೇಖಕರ ಹೆಸರಿನಲ್ಲಿ ನಡೆಯುತ್ತದೆ. ಟೋಲ್ಕಿನ್ ಬದುಕಿದ್ದರೆ ಯಾವ ಚಿತ್ರವನ್ನೂ ಒಪ್ಪುತ್ತಿರಲಿಲ್ಲ ಎಂದು ಒಂದು ಪಕ್ಷ ಹೇಳುತ್ತದೆ. ಹಕ್ಕನ್ನು ಮಾರಿದ ಮೇಲೆ ಮಾತನಾಡುವ ಅಧಿಕಾರವೇ ಉಳಿಯುವುದಿಲ್ಲ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಅವರ ಪತ್ರಗಳನ್ನು ಓದಿದರೆ ಎರಡೂ ನಿಲ್ಲುವುದಿಲ್ಲ. ಪುಸ್ತಕ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಕೆಲವೇ ವರ್ಷಗಳಲ್ಲಿ, 1957ರಲ್ಲಿ, ಅಮೆರಿಕದ ಒಂದು ತಂಡ ಅನಿಮೇಷನ್ ಚಿತ್ರಕ್ಕಾಗಿ ಅವರನ್ನು ಸಂಪರ್ಕಿಸಿತು. ಅವರು ಬಾಗಿಲು ಮುಚ್ಚಲಿಲ್ಲ. ಆಯ್ದ ಭಾಗಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ತಮಗೆ ಒಪ್ಪಿಗೆ, ಆದರೆ ಎಲ್ಲವನ್ನೂ ಹಿಂಡಿ ತುಂಬಿದರೆ ಗೊಂದಲವಾಗಿ ಮುಖ್ಯ ಘಟ್ಟಗಳು ಮಂಕಾಗುತ್ತವೆ ಎಂಬ ಅರ್ಥದಲ್ಲಿ ಪ್ರಕಾಶಕರಿಗೆ ಬರೆದರು. ಆ ತಂಡದ ಕಥಾಸಾರ ಕೈಗೆ ಬಂದಾಗ 1958ರಲ್ಲಿ ಅದರ ಮೇಲೆ ಬಹಳ ದೀರ್ಘವಾದ, ಬಹಳ ಖಾರವಾದ ಟಿಪ್ಪಣಿ ಬರೆದರು. ಮೂಲದ ತಿರುಳು ಎಲ್ಲಿದೆ ಎಂಬುದನ್ನು ಕಾಣಲಾರದೆ ಇಲ್ಲದ್ದನ್ನು ತಂದು ಸೇರಿಸುವುದು, ಇದ್ದದ್ದನ್ನು ಅತಿ ಮಾಡುವುದು, ಇವೇ ಸೋತ ಚಿತ್ರಗಳ ಕಾರಣಗಳು ಎಂಬುದು ಅಲ್ಲಿನ ಅವರ ವಾದ. ಹಾರ್ನ್‌ಬರ್ಗ್ ಕೋಟೆಯ ಕಾಳಗ ಮತ್ತು ಎಂಟ್‌ಗಳೆಂಬ ಮರದಂಥ ಜೀವಿಗಳ ಪ್ರಸಂಗ, ಇವೆರಡಕ್ಕೂ ಸಾಕಷ್ಟು ಜಾಗ ಕೊಡಲಾಗದಿದ್ದರೆ ಒಂದನ್ನು ಬಿಡಿ, ಬಿಡುವುದಾದರೆ ಕಾಳಗವನ್ನೇ ಬಿಡಿ, ಮುಖ್ಯ ಕಥೆಗೆ ಅದು ಪ್ರಾಸಂಗಿಕ ಮಾತ್ರ ಎಂದೂ ಅವರೇ ಸೂಚಿಸಿದ್ದರು. ಜ್ಯಾಕ್ಸನ್ ಅವರ ಎರಡನೆಯ ಚಿತ್ರದ ಅತಿ ದೊಡ್ಡ ಭಾಗವೇ ಆ ಕೋಟೆಯ ಕಾಳಗ ಎಂಬುದನ್ನು ನೆನೆದರೆ, ಲೇಖಕರಿಗೂ ನಿರ್ದೇಶಕರಿಗೂ ನಡುವಿನ ಅಂತರ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಏನನ್ನು ಬಿಟ್ಟರು ಎಂಬುದಕ್ಕಿಂತ ಯಾವುದಕ್ಕೆ ತೂಕ ಕೊಟ್ಟರು ಎಂಬುದೇ ಇಲ್ಲಿ ಮುಖ್ಯವಾದ ವಿಷಯ. 1969ರಲ್ಲಿ ಟೋಲ್ಕಿನ್ ಚಿತ್ರದ ಹಕ್ಕನ್ನು ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗೆ ಮಾರಿದರು. ಅಲ್ಲಿಗೆ ಅವರ ನಿಯಂತ್ರಣ ಮುಗಿಯಿತು, ಆದರೆ ಅವರು ಬಿಟ್ಟುಹೋದ ಈ ಅಳತೆಗೋಲು ಉಳಿಯಿತು. ನನ್ನ ವಿದ್ಯಾರ್ಥಿಗಳಿಗೆ ರೂಪಾಂತರದ ಬಗ್ಗೆ ಹೇಳುವಾಗ ಇದಕ್ಕಿಂತ ಉಪಯುಕ್ತವಾದ ಟಿಪ್ಪಣಿ ನನಗೆ ಸಿಕ್ಕಿಲ್ಲ.

ಈಗ ಫಾರಮಿರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ನೋವಿನ ಕೇಂದ್ರ ಅವನೇ. ಪುಸ್ತಕದ ಫಾರಮಿರ್ ಸೆರೆಹಿಡಿದ ಫ್ರೋಡೋ ಮತ್ತು ಸ್ಯಾಮ್‌ರ ಬಳಿ ಇರುವುದು ಆ ಉಂಗುರವೇ ಎಂದು ತಿಳಿದ ಕ್ಷಣದಲ್ಲಿಯೂ ಅದಕ್ಕೆ ಕೈ ಚಾಚುವುದಿಲ್ಲ. ದಾರಿಯಲ್ಲಿ ಬಿದ್ದು ಸಿಕ್ಕಿದರೂ ಅದನ್ನು ಎತ್ತಿಕೊಳ್ಳುವುದಿಲ್ಲ ಎಂದು, ಅದು ಏನೆಂಬುದು ಗೊತ್ತಾಗುವ ಮೊದಲೇ ನುಡಿದಿದ್ದ ಅವನು, ಗೊತ್ತಾದ ಮೇಲೂ ಆ ಮಾತಿಗೆ ಬದ್ಧನಾಗಿ ಉಳಿಯುತ್ತಾನೆ. ಉಂಗುರವನ್ನು ಕಸಿಯಲು ಹೋಗಿ ಅಣ್ಣ ಬೊರೊಮಿರ್ ಸೋತ ಪರೀಕ್ಷೆಯಲ್ಲಿ ತಮ್ಮ ಗೆಲ್ಲುತ್ತಾನೆ, ಆ ಗೆಲುವಿಗೆ ಯಾವ ಆರ್ಭಟವೂ ಇಲ್ಲ. ತನ್ನ ಪಾತ್ರಗಳಲ್ಲಿ ತನ್ನನ್ನು ಹೋಲುವವನು ಯಾರಾದರೂ ಇದ್ದರೆ ಅದು ಫಾರಮಿರ್ ಎಂದು ಟೋಲ್ಕಿನ್ 1956ರ ಒಂದು ಪತ್ರದ ಕರಡಿನಲ್ಲಿ ಬರೆದಿದ್ದಾರೆ. 2002ರ ಚಿತ್ರದಲ್ಲಿಯಾದರೋ ಅವನು ಉಂಗುರವನ್ನು ಗೊಂಡೋರ್‌ಗೆ ಒಯ್ಯಲು ನಿರ್ಧರಿಸುತ್ತಾನೆ, ಇಬ್ಬರನ್ನೂ ಆಸ್ಗಿಲಿಯಾತ್ ನಗರದವರೆಗೆ ಎಳೆದೊಯ್ಯುತ್ತಾನೆ, ಕೊನೆಯಲ್ಲಿ ಮನಸ್ಸು ಬದಲಿಸಿ ಬಿಟ್ಟುಕೊಡುತ್ತಾನೆ.

ಚಿತ್ರಕಥೆ ಬರೆದ ಜ್ಯಾಕ್ಸನ್, ಫ್ರಾನ್ ವಾಲ್ಶ್ ಮತ್ತು ಫಿಲಿಪ್ಪಾ ಬೋಯೆನ್ಸ್ ಈ ಬದಲಾವಣೆಯನ್ನು ಪುಸ್ತಕ ಸರಿಯಾಗಿ ಓದದೆ ಮಾಡಿದರು ಎಂದು ಅನೇಕ ಅಭಿಮಾನಿಗಳು ನಂಬಿದ್ದಾರೆ. ಅದು ನ್ಯಾಯವಾದ ಆರೋಪವಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಕಸುಬಿನ ತರ್ಕವಿದೆ. ಉಂಗುರವನ್ನು ಯಾರೂ ತಡೆದುಕೊಳ್ಳಲಾರರು ಎಂದು ಅಲ್ಲಿಯವರೆಗಿನ ಚಿತ್ರ ಕಟ್ಟಿಕೊಂಡು ಬಂದಿದೆ, ಅಂಥಲ್ಲಿ ಒಬ್ಬನು ಸುಲಭವಾಗಿ 'ಬೇಡ' ಎಂದುಬಿಟ್ಟರೆ ಪ್ರೇಕ್ಷಕರ ಪಾಲಿಗೆ ಆ ಅಪಾಯವೇ ಕರಗಿಹೋಗುತ್ತದೆ ಎಂಬುದು ಒಂದು ಕಾರಣ. ಜೇಡರಾಕ್ಷಸಿ ಶೆಲೋಬಳ ಪ್ರಸಂಗವನ್ನು ಮೂರನೆಯ ಚಿತ್ರಕ್ಕೆ ಸರಿಸಿದ್ದು ಇನ್ನೊಂದು ಕಾರಣ. ಪುಸ್ತಕದ ಎರಡನೆಯ ಸಂಪುಟ ಆ ಪ್ರಸಂಗದಲ್ಲಿಯೇ ಮುಗಿಯುತ್ತದೆ. ಆದರೆ ಪುಸ್ತಕದ ಕೊನೆಯಲ್ಲಿರುವ ಕಾಲಾನುಕ್ರಮಣಿಕೆಯನ್ನು ನೋಡಿದರೆ ಹೆಲ್ಮ್ಸ್ ಡೀಪ್ ಕಾಳಗ, ಅಂದರೆ ಅದೇ ಹಾರ್ನ್‌ಬರ್ಗ್ ಕೋಟೆಯ ಕಾಳಗ, ಮಾರ್ಚ್ ಆರಂಭದಲ್ಲಿ ನಡೆದರೆ, ಶೆಲೋಬಳ ಗುಹೆಯ ಘಟನೆ ಅದಾದ ಒಂದು ವಾರದ ಮೇಲೆ, ಮಿನಾಸ್ ತಿರಿತ್ ನಗರಕ್ಕೆ ಮುತ್ತಿಗೆ ಬೀಳುವ ದಿನಗಳಲ್ಲಿ ನಡೆಯುತ್ತದೆ. ಟೋಲ್ಕಿನ್ ಎರಡು ಕಥಾಎಳೆಗಳನ್ನು ಪೂರ್ತಿ ಬೇರೆಬೇರೆಯಾಗಿ, ಒಂದನ್ನು ಮುಗಿಸಿ ಇನ್ನೊಂದನ್ನು ಹೇಳಿದ್ದರಿಂದ ಓದುವಾಗ ಇದು ಗಮನಕ್ಕೆ ಬರುವುದಿಲ್ಲ. ಎರಡೂ ಎಳೆಗಳನ್ನು ಹೆಣೆದು ತೋರಿಸುವ ಚಿತ್ರಕ್ಕೆ ಕಾಲಕ್ರಮ ಮುಖ್ಯವಾಗುತ್ತದೆ, ಹಾಗಾಗಿ ಶೆಲೋಬ್ ಮುಂದಕ್ಕೆ ಹೋದಳು. ಆಗ ಎರಡನೆಯ ಚಿತ್ರದಲ್ಲಿ ಫ್ರೋಡೋನ ಎಳೆಗೆ ಕೊನೆಯ ಬಿಕ್ಕಟ್ಟೇ ಇಲ್ಲದಂತಾಯಿತು. ಆ ಖಾಲಿ ಜಾಗವನ್ನು ತುಂಬುವ ಹೊರೆ ಫಾರಮಿರ್ ಮೇಲೆ ಬಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಈ ವಿಷಯದಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ. ಉಂಗುರವನ್ನು ನಿರಾಕರಿಸಬಲ್ಲ ಮನುಷ್ಯನೊಬ್ಬ ಇದ್ದಾನೆ ಎಂಬುದು ಆ ಪುಸ್ತಕದ ನೈತಿಕ ಲೋಕದ ಒಂದು ಆಧಾರಕಂಬ. ನಾಟಕೀಯ ಒತ್ತಡಕ್ಕಾಗಿ ಅದನ್ನು ಕದಲಿಸಿದಾಗ ಚಿತ್ರಕ್ಕೆ ಒಂದು ಒಳ್ಳೆಯ ಉತ್ಕರ್ಷ ಸಿಕ್ಕಿತು, ಆದರೆ ಮನುಷ್ಯರೆಲ್ಲರೂ ಮೊದಲು ಬೀಳಲೇಬೇಕು, ಆಮೇಲೆ ಏಳಬೇಕು ಎಂಬ ಬೇರೆಯದೇ ಮಾತನ್ನು ಅದು ಹೇಳಿತು. ಸ್ಯಾಮ್‌ನ ಪ್ರಸಂಗದಲ್ಲಿ ಇದು ಇನ್ನೂ ಗಾಢವಾಗಿದೆ. ಪುಸ್ತಕದಲ್ಲಿ ಸ್ಯಾಮ್ ಯಜಮಾನನ ಪಕ್ಕ ಬಿಡುವುದು ಅವನು ಸತ್ತನೆಂದು ತಿಳಿದಾಗ ಮಾತ್ರ. ಚಿತ್ರದಲ್ಲಿ ಫ್ರೋಡೋ, ದಾರಿ ತೋರಿಸುತ್ತಲೇ ಉಂಗುರಕ್ಕಾಗಿ ಹಾತೊರೆಯುವ ಗೊಲ್ಲಮ್‌ನ ಕುತಂತ್ರವನ್ನು ನಂಬಿ ಸ್ಯಾಮ್‌ನನ್ನು ಓಡಿಸುತ್ತಾನೆ, ಅವನು ಮೆಟ್ಟಿಲಿಳಿದು ಹೋಗುತ್ತಾನೆ. ಗುಹೆಯೊಳಗೆ ಫ್ರೋಡೋ ಒಂಟಿಯಾಗಬೇಕು ಎಂಬ ಚಿತ್ರಕಥೆಯ ಅಗತ್ಯ ನನಗೆ ಅರ್ಥವಾಗುತ್ತದೆ. ಅದಕ್ಕೆ ತೆತ್ತ ಬೆಲೆ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ.

ಕೊನೆಯ ಭಾಗದಲ್ಲಿ ಫ್ರೋಡೋ, ಸ್ಯಾಮ್ ಮೊದಲಾದ ಹಾಬಿಟ್‌ಗಳು, ಅಂದರೆ ಆ ಕುಳ್ಳ ಜನರು, ಊರಿಗೆ ಮರಳಿದಾಗ ತಮ್ಮ ನಾಡಾದ ಶೈರ್ ಹಾಳಾಗಿರುವುದನ್ನು ಕಂಡು ಅದನ್ನು ಮತ್ತೆ ಗೆದ್ದುಕೊಳ್ಳುವ ಅಧ್ಯಾಯ ಚಿತ್ರದಲ್ಲಿ ಇಲ್ಲ. ಇದು ಮೊದಲ ಬಗೆಯ ದೂರು ಎಂದು ಕಾಣಬಹುದು, ಆದರೆ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ಆ ಅಧ್ಯಾಯ ಕಥೆಯ ಅನಿವಾರ್ಯ ಅಂಗ, ಆರಂಭದಿಂದಲೇ ಯೋಚಿಸಿದ್ದು ಎಂದು ಸ್ಪಷ್ಟಪಡಿಸಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಸೋಮ್ ರಣರಂಗದಲ್ಲಿದ್ದು, 1918ರ ಹೊತ್ತಿಗೆ ಆಪ್ತ ಗೆಳೆಯರಲ್ಲಿ ಒಬ್ಬನನ್ನುಳಿದು ಎಲ್ಲರನ್ನೂ ಕಳೆದುಕೊಂಡಿದ್ದ ಲೇಖಕನಿಗೆ, ಯುದ್ಧ ಗೆದ್ದು ಬಂದವರಿಗೆ ಬಿಟ್ಟುಹೋದ ಊರು ಹಾಗೆಯೇ ಉಳಿದಿರುವುದಿಲ್ಲ ಎಂಬುದು ಹೇಳಲೇಬೇಕಾದ ಮಾತಾಗಿತ್ತು. ಮೂರು ಗಂಟೆ ಇಪ್ಪತ್ತು ನಿಮಿಷ ಕುಳಿತ ಪ್ರೇಕ್ಷಕರ ಮುಂದೆ, ಉಂಗುರ ನಾಶವಾದ ಮೇಲೆ ಇನ್ನೊಂದು ಯುದ್ಧವನ್ನು ತೆರೆಯುವ ಧೈರ್ಯ ಯಾವ ನಿರ್ಮಾಪಕರಿಗೂ ಬರುವುದು ಕಷ್ಟ. ಚಿತ್ರದ ಮಿತಿ ಇಲ್ಲಿ ನಿಜವಾದದ್ದು.

ಬದಲಾವಣೆಯೆಲ್ಲ ಕೆಡುಕೇ ಎಂದು ನೀವು ತಿಳಿಯಬಾರದೆಂದು ಇನ್ನೊಂದು ಉದಾಹರಣೆಯನ್ನೂ ಇಡುತ್ತೇನೆ. ಬೊರೊಮಿರ್‌ನ ಕೊನೆಯ ಹೋರಾಟವನ್ನು ಪುಸ್ತಕ ನೇರವಾಗಿ ತೋರಿಸುವುದೇ ಇಲ್ಲ. ಮುಂದೆ ರಾಜನಾಗುವ ಅರಗಾರ್ನ್ ತಡವಾಗಿ ಓಡಿಬಂದು, ಬಾಣಗಳು ನೆಟ್ಟ ಮೈಯಲ್ಲಿ ಮರಕ್ಕೊರಗಿದ ಅವನನ್ನು ಕಾಣುತ್ತಾನೆ, ಅದೂ ಎರಡನೆಯ ಸಂಪುಟದ ಆರಂಭದಲ್ಲಿ. ಚಿತ್ರ ಆ ಪ್ರಸಂಗವನ್ನು ಮೊದಲ ಭಾಗದ ಕೊನೆಗೆ ತಂದು, ಇಬ್ಬರ ನಡುವಿನ ಮಾತನ್ನು ಬೆಳೆಸಿ, ತಪ್ಪು ಮಾಡಿದವನೊಬ್ಬ ತನ್ನ ಗೌರವವನ್ನು ಮರಳಿ ಪಡೆಯುವುದನ್ನು ಕಣ್ಣೆದುರಿಗೆ ತೋರಿಸಿತು. ಕಟ್ಟಾ ಓದುಗರಲ್ಲಿಯೂ ಬಹಳ ಮಂದಿ ಇದನ್ನು ಮೆಚ್ಚುತ್ತಾರೆ. ಘಟನೆಯ ಸ್ಥಾನ ಬದಲಾಯಿತು, ಮಾತುಗಳು ಬದಲಾದವು, ಪಾತ್ರದ ಒಳಗು ಮಾತ್ರ ಹಾಗೆಯೇ ಉಳಿಯಿತು ಎಂಬುದೇ ಆ ಮೆಚ್ಚುಗೆಯ ಕಾರಣ.

ಸಮಯ ಸಾಲದೆಂಬ ಸಮರ್ಥನೆಯನ್ನೂ ಸ್ವಲ್ಪ ಪರಿಶೀಲಿಸಬೇಕು. ಹೆಚ್ಚು ಗಂಟೆ ಕೊಟ್ಟರೆ ಮೂಲಕ್ಕೆ ಹೆಚ್ಚು ನಿಷ್ಠೆ ಸಾಧ್ಯ ಎಂಬುದು ತೀರ ಸಹಜವೆನಿಸುವ ನಂಬಿಕೆ. 1937ರಲ್ಲಿ ಮಕ್ಕಳಿಗಾಗಿ ಬಂದ 'ದಿ ಹಾಬಿಟ್' ಒಂದೇ ಸಂಪುಟದ, ಸುಮಾರು ಮುನ್ನೂರು ಪುಟಗಳ ಕಥೆ. ಅದೇ ನಿರ್ದೇಶಕರು 2012ರಿಂದ 2014ರವರೆಗೆ ಅದನ್ನು ಮೂರು ಚಿತ್ರಗಳಾಗಿ, ಒಟ್ಟು ಎಂಟು ಗಂಟೆಗೆ ಸ್ವಲ್ಪ ಕಡಿಮೆ ಅವಧಿಯಲ್ಲಿ ತೆರೆಗೆ ತಂದರು. ದೃಶ್ಯ ಬಿಡಬೇಕಾದ ಒತ್ತಡವೇ ಇರಲಿಲ್ಲ. ಆದರೂ ಓದುಗರ ಅಸಮಾಧಾನ ಮೊದಲಿಗಿಂತ ಹೆಚ್ಚಾಯಿತು. ಪುಸ್ತಕದಲ್ಲಿಲ್ಲದ ಟೌರಿಯೆಲ್ ಎಂಬ ಪಾತ್ರ, ಅವಳ ಸುತ್ತ ಒಂದು ಪ್ರೇಮಕಥೆ, ಕೆಲವೇ ಪುಟಗಳ ಯುದ್ಧಕ್ಕೆ ಒಂದು ಇಡೀ ಚಿತ್ರ, ಇವುಗಳ ನಡುವೆ ಮನೆಬಿಟ್ಟು ಹೊರಟ ಸಣ್ಣ ಮನುಷ್ಯನ ಸಾಹಸದ ತಿಳಿಯಾದ ದನಿ ಕೇಳಿಸದಾಯಿತು. ಲೇಖಕರು 1958ರಲ್ಲಿ ಎಚ್ಚರಿಸಿದ್ದೂ ಇದನ್ನೇ. ಅವರ ಮಗ ಕ್ರಿಸ್ಟೋಫರ್ ಟೋಲ್ಕಿನ್ 2012ರಲ್ಲಿ ಫ್ರಾನ್ಸಿನ ಲೆ ಮಾಂಡ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಜ್ಯಾಕ್ಸನ್ ಅವರ ಮೊದಲ ಮೂರು ಚಿತ್ರಗಳು ಪುಸ್ತಕದ ಕರುಳನ್ನೇ ಕಿತ್ತು ಅದನ್ನು ಹದಿನೈದರಿಂದ ಇಪ್ಪತ್ತೈದರ ವಯಸ್ಸಿನವರ ಸಾಹಸಚಿತ್ರವಾಗಿಸಿವೆ ಎಂಬರ್ಥದ ಮಾತು ಹೇಳಿದ್ದರು. ಅದು ನನಗೆ ಅತಿಯಾದ ತೀರ್ಪು ಎನಿಸುತ್ತದೆ. ಅಲನ್ ಲೀ ಮತ್ತು ಜಾನ್ ಹೌ ಅವರಂಥ, ಆ ಪುಸ್ತಕಗಳಿಗೆ ಹಲವು ವರ್ಷಗಳಿಂದ ಚಿತ್ರ ಬರೆದ ಕಲಾವಿದರನ್ನು ನ್ಯೂಜಿಲೆಂಡಿಗೆ ಕರೆಸಿಕೊಂಡು ಆ ಲೋಕವನ್ನು ಕಲ್ಲು ಕಲ್ಲಾಗಿ ಕಟ್ಟಿದ ತಂಡದ ಪ್ರೀತಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೆ ಬಾಳಿನ ಬಹುಭಾಗವನ್ನು ತಂದೆಯ ಹಸ್ತಪ್ರತಿಗಳ ಸಂಪಾದನೆಗೇ ಮೀಸಲಿಟ್ಟ ವ್ಯಕ್ತಿಯ ನೋವು ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಲೂ ಆಗದು.

ನಿಮ್ಮ ತಮ್ಮ ಹೇಳುವ 'ಸಿನಿಮಾ ಬೇರೆ, ಪುಸ್ತಕ ಬೇರೆ' ಎಂಬ ಮಾತು ಸರಿಯೇ, ಆದರೆ ಅರ್ಧ ಮಾತ್ರ. ಕಥೆಯನ್ನು ಬದಲಿಸಿ ಹೇಳುವುದು ನಮಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಕಾವ್ಯವನ್ನು ನಿಲ್ಲಿಸಿ ಅದನ್ನು ಕೃಷ್ಣಕಥೆಯಾಗಿಸಿದ. ಯಕ್ಷಗಾನದ ಅರ್ಥಧಾರಿ ಪ್ರತಿ ರಾತ್ರಿ ಕರ್ಣನಿಗೆ ಹೊಸ ಮಾತು ಕೊಡುತ್ತಾನೆ. ಯಾರಿಗೂ ಮಹಾಭಾರತ ಹಾಳಾಯಿತೆಂದು ಅನ್ನಿಸುವುದಿಲ್ಲ, ಏಕೆಂದರೆ ಒಂದು ಕರ್ಣ ಹಿಡಿಸದಿದ್ದರೆ ಇನ್ನೊಬ್ಬ ಕರ್ಣ ಪಕ್ಕದ ಊರಿನಲ್ಲಿಯೇ ಸಿಗುತ್ತಾನೆ. ಆಧುನಿಕ ಕಾದಂಬರಿಗೆ ಆ ಭಾಗ್ಯವಿಲ್ಲ. ಅದರ ಚಿತ್ರದ ಹಕ್ಕು ಒಂದು ಕಾಲಕ್ಕೆ ಒಂದೇ ಕೈಯಲ್ಲಿರುತ್ತದೆ, ದೊಡ್ಡ ವೆಚ್ಚದ ಚಿತ್ರ ಒಂದು ತಲೆಮಾರಿಗೆ ಒಮ್ಮೆ ಬಂದರೆ ಹೆಚ್ಚು, ಬ್ರಿಟನ್ನಿನ ಕಾನೂನಿನ ಪ್ರಕಾರ 1973ರಲ್ಲಿ ತೀರಿಕೊಂಡ ಟೋಲ್ಕಿನ್ ಅವರ ಕೃತಿಗಳು 2043ರ ಕೊನೆಯವರೆಗೂ ಹಕ್ಕುಸ್ವಾಮ್ಯದಲ್ಲಿಯೇ ಇರುತ್ತವೆ. ಒಂದು ಚಿತ್ರ ಬಂದಿತೆಂದರೆ ಪುಸ್ತಕದ ಹೊದಿಕೆಯ ಮೇಲೆ, ಆಟಿಕೆಯ ಮೇಲೆ, ಮಕ್ಕಳ ನೆನಪಿನ ಮೇಲೆ ಅದೇ ಮುಖ ಕೂರುತ್ತದೆ. ಓದುಗರ ಕೋಪದ ಹಿಂದಿರುವುದು ಈ ಅಸಮಾನತೆ. ಫಾರಮಿರ್ ಹೀಗೂ ಇರಬಹುದು ಎಂದಿದ್ದರೆ ನೀವು ತಲೆದೂಗುತ್ತಿದ್ದಿರಿ. ಇವನೇ ಫಾರಮಿರ್ ಎಂದು ಜಗತ್ತು ಒಪ್ಪಿಕೊಂಡುಬಿಟ್ಟದ್ದು ನಿಮ್ಮನ್ನು ನೋಯಿಸಿತು. ತರಾಸು ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ 'ನಾಗರಹಾವು' ಚಿತ್ರ ಅಪಾರ ಜನಪ್ರೀತಿ ಗಳಿಸಿದರೂ ತಮ್ಮ ನಾಗರಹಾವು ಕೇರೆಹಾವಾಯಿತೆಂದು ಲೇಖಕರು ಬೇಸರಪಟ್ಟಿದ್ದರೆಂಬ ಮಾತು ಕನ್ನಡ ಚಿತ್ರರಸಿಕರಲ್ಲಿ ಇಂದಿಗೂ ಉಳಿದಿದೆ. ಇಂದು ರಾಮಾಚಾರಿ ಎಂದೊಡನೆ ಕಣ್ಣಮುಂದೆ ಬರುವುದು ವಿಷ್ಣುವರ್ಧನ್ ಅವರ ಮುಖವೇ ಹೊರತು ಕಾದಂಬರಿಯ ಹುಡುಗನಲ್ಲ.

ಆಕ್ಷೇಪಗಳಿಂದ ಏನಾದರೂ ತಿದ್ದುಪಡಿಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಮಿಶ್ರವಾದದ್ದು. ಹೆಲ್ಮ್ಸ್ ಡೀಪ್ ಕಾಳಗದಲ್ಲಿ ಅರಗಾರ್ನ್‌ನ ಪ್ರಿಯತಮೆ ಅರ್ವೆನ್ ಕತ್ತಿ ಹಿಡಿದು ಹೋರಾಡುವ ದೃಶ್ಯಗಳನ್ನು ನಿಜವಾಗಿಯೂ ಚಿತ್ರೀಕರಿಸಲಾಗಿತ್ತು. ಸುದ್ದಿ ಹೊರಬಿದ್ದಾಗ ಓದುಗರಲ್ಲಿ ದೊಡ್ಡ ಗದ್ದಲವೆದ್ದಿತು. ಪುಸ್ತಕದಲ್ಲಿ ಅರ್ವೆನ್ ಕಾಣಿಸುವುದೇ ಅಪರೂಪ, ಅವಳ ಕಥೆ ಇರುವುದು ಅನುಬಂಧದಲ್ಲಿ. ಬಿಡುಗಡೆಯಾದ ಚಿತ್ರದಲ್ಲಿ ಆ ದೃಶ್ಯಗಳಿರಲಿಲ್ಲ. ಅಭಿಮಾನಿಗಳೇ ಇದನ್ನು ಗೆದ್ದರು ಎಂದು ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಹೊರಗಿನ ಗದ್ದಲ ಒಂದು ತಂಡದ ಮನಸ್ಸನ್ನು ನೇರವಾಗಿ ಬದಲಿಸುವುದು ಕಡಿಮೆ, ಒಳಗೆ ಆಗಲೇ ಇರುವ ಅನುಮಾನಕ್ಕೆ ಅದು ಬಲ ಕೊಡುತ್ತದೆ. ಇದಕ್ಕೆ ಹೋಲಿಕೆಯಾಗಿ ಇನ್ನೊಂದು ಪ್ರಸಂಗವಿದೆ. ಮೂರನೆಯ ಚಿತ್ರದ ಕೊನೆಯ ಯುದ್ಧದಲ್ಲಿ ಅರಗಾರ್ನ್ ಸ್ವತಃ ಸೌರಾನ್ ಜೊತೆ ಕಾದಾಡುವಂತೆ ಚಿತ್ರೀಕರಿಸಿದ್ದರು. ಸಂಕಲನದ ಹಂತದಲ್ಲಿ, ಆ ಯುದ್ಧ ನಡೆಯುವುದು ಫ್ರೋಡೋಗೆ ಸಮಯ ದೊರಕಿಸಲಿಕ್ಕೇ ಹೊರತು ರಾಜನ ಪರಾಕ್ರಮ ಮೆರೆಸಲಿಕ್ಕಲ್ಲ ಎಂಬ ಅರಿವಾಗಿ, ಸೌರಾನ್ ಇದ್ದ ಜಾಗದಲ್ಲಿ ಗಣಕದ ಸಹಾಯದಿಂದ ಒಂದು ದೈತ್ಯನನ್ನು ಕೂರಿಸಿದರು. ತಂಡವೇ ಪುಸ್ತಕದ ತಿರುಳಿಗೆ ಮರಳಿದ ಉದಾಹರಣೆ ಇದು. ನಿಮ್ಮಂಥವರು ಕಾರಣಸಮೇತ ಬರೆಯುವ ಆಕ್ಷೇಪ ಇಂಥ ಮನಸ್ಸುಗಳಿಗೆ ತಲುಪುತ್ತದೆ. ವಿಸ್ತೃತ ಆವೃತ್ತಿಗಳು ಬಂದಾಗ ದ್ರೋಹಿ ಮಾಂತ್ರಿಕ ಸರುಮಾನ್‌ನ ಸಾವಿನ ದೃಶ್ಯ ಮರಳಿ ಸೇರಿದ್ದು, ಫಾರಮಿರ್‌ಗೆ ತಂದೆಯೊಡನೆಯ ಹಿನ್ನೆಲೆ ದೊರೆತದ್ದು ಓದುಗರಿಗೆ ಸಿಕ್ಕಿದ ನಿಜವಾದ ಲಾಭ.

ಆದರೆ ಒಂದು ಗೆರೆಯನ್ನು ಎಳೆಯಲೇಬೇಕು. 2022ರಲ್ಲಿ ಇದೇ ಲೋಕವನ್ನು ಆಧರಿಸಿದ ಕಿರುತೆರೆ ಸರಣಿ ಬಂದಾಗ ಬಿಳಿಯರಲ್ಲದ ನಟನಟಿಯರ ಮೇಲೆ ವರ್ಣದ್ವೇಷದ ಬೈಗುಳಗಳ ಮಳೆಯೇ ಸುರಿಯಿತು, ಅದೂ ಟೋಲ್ಕಿನ್ ಅವರ ಮೇಲಿನ ನಿಷ್ಠೆಯ ಹೆಸರಿನಲ್ಲಿ. ಹಳೆಯ ಚಿತ್ರಗಳಲ್ಲಿ ಹಾಬಿಟ್‌ಗಳಾಗಿದ್ದ ನಾಲ್ವರು ನಟರು ಬಹಿರಂಗವಾಗಿ ಹೊಸ ಕಲಾವಿದರ ಪರ ನಿಂತದ್ದು ನನಗೆ ಬಹಳ ಹಿಡಿಸಿತು. ಚಿತ್ರಕಥೆಯ ನಿರ್ಧಾರಕ್ಕೆ ಚಿತ್ರಕಥೆಗಾರರನ್ನು ಪ್ರಶ್ನಿಸಬಹುದು. ಬರೆದುಕೊಟ್ಟ ಮಾತನ್ನು ಆಡಿದ ನಟರನ್ನು ಹಿಂಸಿಸುವುದಕ್ಕೆ ಯಾವ ಪುಸ್ತಕಪ್ರೀತಿಯೂ ಸಮರ್ಥನೆಯಾಗದು.

ಇನ್ನು ನಿಮ್ಮ ಮಗನ ವಿಷಯ. ಪುಸ್ತಕ ಮೊದಲು ಎಂಬ ನಿಯಮವನ್ನು ಬಿಗಿಯಾಗಿ ಹಿಡಿದರೆ ದೊಡ್ಡ ಅಪಾಯವೊಂದಿದೆ. ಸಾವಿರ ಪುಟಗಳ ಗ್ರಂಥವು ಸಿನಿಮಾಕ್ಕೆ ತೆರಬೇಕಾದ ಸುಂಕವಾಗಿ ಅವನಿಗೆ ಕಂಡರೆ, ಅವನು ಪುಸ್ತಕವನ್ನೂ ದ್ವೇಷಿಸಬಹುದು, ಸಿನಿಮಾವನ್ನು ಗೆಳೆಯನ ಮನೆಯಲ್ಲಿ ಕದ್ದೂ ನೋಡಬಹುದು. ಸಿನಿಮಾ ಮೊದಲು ತೋರಿಸಿದರೆ ಮುಖಗಳು ಮನಸ್ಸಿನಲ್ಲಿ ಗಟ್ಟಿಯಾಗುತ್ತವೆ ಎಂಬುದು ನಿಜ. ಗೊಲ್ಲಮ್ ಎಂದರೆ ಆಂಡಿ ಸರ್ಕಿಸ್ ಅವರ ದನಿಯೇ ಅವನಿಗೆ ಕೇಳಿಸುತ್ತದೆ, ಅದನ್ನು ಮುಂದೆ ಯಾರೂ ಅಳಿಸಲಾರರು. ಆದರೆ ಚಿತ್ರಗಳು ಬಂದ ಕಾಲದಲ್ಲಿ ಪುಸ್ತಕದ ಮಾರಾಟ ಬಹಳವಾಗಿ ಏರಿತು. ತೆರೆಯಿಂದ ಪುಟಕ್ಕೆ ಬಂದು ಗಟ್ಟಿ ಓದುಗರಾದವರು ನನ್ನ ತರಗತಿಗಳಲ್ಲಿಯೂ ಇದ್ದಾರೆ. ಸಿನಿಮಾ ನೋಡಿದರೆ ಪುಸ್ತಕ ಕೆಟ್ಟುಹೋಗುತ್ತದೆ ಎಂಬ ಭಯವನ್ನು ನೀವು ಬಿಡಬಹುದು. ನೋಡಲೇಬಾರದೆಂದು ತಡೆಯುವ ದಾರಿಯನ್ನು ನಾನು ಸೂಚಿಸುವುದಿಲ್ಲ, ಈ ವಯಸ್ಸಿನಲ್ಲಿ ಅದು ಬಾಳುವಂಥದ್ದಲ್ಲ.

ನಾನಾಗಿದ್ದರೆ 'ದಿ ಹಾಬಿಟ್' ಪುಸ್ತಕದಿಂದ ಆರಂಭಿಸುತ್ತೇನೆ, ಅದರ ಚಿತ್ರಗಳನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಅದು 11ರ ಹುಡುಗನಿಗೆ ತಕ್ಕ ಗಾತ್ರದ್ದು, ರಾತ್ರಿ ಒಂದೊಂದು ಅಧ್ಯಾಯದಂತೆ ನೀವೇ ಗಟ್ಟಿಯಾಗಿ ಓದಿಹೇಳಬಹುದಾದದ್ದು. ಆ ಲೋಕದ ಭೂಪಟ, ಉಂಗುರ, ಗೊಲ್ಲಮ್, ಗ್ಯಾಂಡಾಲ್ಫ್ ಎಲ್ಲವೂ ಮೊದಲು ಅವನ ಕಲ್ಪನೆಯಲ್ಲಿಯೇ ಹುಟ್ಟಲಿ. ಆಮೇಲೆ ಮೊದಲ ಚಿತ್ರವನ್ನು ತೋರಿಸಿ. ಅಮೆರಿಕದಲ್ಲಿ ಮೂರಕ್ಕೂ 13ಕ್ಕಿಂತ ಕಿರಿಯರಿಗೆ ಪೋಷಕರ ಎಚ್ಚರ ಬೇಕೆಂಬ ದರ್ಜೆ ಕೊಟ್ಟಿದ್ದರು. ಕಾಳಗಗಳಿಗಿಂತ ಹೆಚ್ಚಾಗಿ ಮೂರನೆಯ ಚಿತ್ರದ ಶೆಲೋಬ್ ಪ್ರಸಂಗ ಮಕ್ಕಳನ್ನು ಹೆದರಿಸುತ್ತದೆ, ಹಾಗಾಗಿ ಅದನ್ನು ಒಂದೆರಡು ವರ್ಷ ತಡೆದರೂ ನಷ್ಟವಿಲ್ಲ. ಎರಡನೆಯ ಚಿತ್ರದಲ್ಲಿ ವಿಸ್ತೃತ ಆವೃತ್ತಿಯನ್ನೇ ಆರಿಸಿಕೊಳ್ಳಿ, ಹೆಚ್ಚು ಉದ್ದವಾದರೂ ಪಾತ್ರಗಳಿಗೆ ನ್ಯಾಯ ಸ್ವಲ್ಪ ಹೆಚ್ಚು ದೊರೆಯುತ್ತದೆ. ಎರಡು ದಿನಕ್ಕೆ ಹಂಚಿಕೊಂಡು ನೋಡಿದರೆ ಆಯಾಸವಾಗದು. ನೋಡುವಾಗ 'ಇದು ಪುಸ್ತಕದಲ್ಲಿ ಹೀಗಿಲ್ಲ' ಎಂದು ನಡುನಡುವೆ ಹೇಳಬೇಡಿ. ಅವನ ಸಂತೋಷ ಅವನದಾಗಿರಲಿ.

ಒಂದೆರಡು ವಾರದ ಬಳಿಕ, ಚಿತ್ರದಲ್ಲಿಲ್ಲದ ಒಂದು ಅಧ್ಯಾಯವನ್ನು ಮೊದಲು ಅವನ ಮುಂದಿಡಿ. ಬೊಂಬಾಡಿಲ್‌ನ ಮನೆಯ ಅಧ್ಯಾಯ ಒಳ್ಳೆಯದು. ಶೈರ್ ಮರುಗೆಲ್ಲುವ ಅಧ್ಯಾಯ ಇನ್ನೂ ಒಳ್ಳೆಯದು, ಅದನ್ನು ಮೂರನೆಯ ಚಿತ್ರ ನೋಡಿದ ಮೇಲೆ ಓದಿದರೆ ಸರಿ. ಮೊದಲ ಚಿತ್ರದಲ್ಲಿ ಎಲ್ಫ್ ರಾಣಿ ಗಲಾಡ್ರಿಯೆಲಳ ಮಾಯಾ ಕನ್ನಡಿಯಲ್ಲಿ ಕ್ಷಣಮಾತ್ರ ಮಿಂಚುವ ನೋಟವನ್ನು ಬಿಟ್ಟರೆ ಆ ಪ್ರಸಂಗಕ್ಕೆ ಈ ಚಿತ್ರಗಳು ಯಾವ ರೂಪವನ್ನೂ ಕೊಟ್ಟಿಲ್ಲ. ಅಲ್ಲಿ ಅವನು ಯಾರ ಸಹಾಯವೂ ಇಲ್ಲದೆ ತಾನೇ ಊಹಿಸಿಕೊಳ್ಳಬೇಕಾಗುತ್ತದೆ, ಸಿನಿಮಾ ಮುಗಿದ ಮೇಲೂ ಕಥೆ ಇನ್ನೂ ಇದೆ ಎಂಬ ಕುತೂಹಲದಿಂದಲೇ ಪುಸ್ತಕದ ಉಳಿದ ಪುಟಗಳನ್ನು ತಿರುವುವ ಸಾಧ್ಯತೆ ಹೆಚ್ಚು.